ಹೊನ್ನಮ್ಮ ಮತ್ತು ಸಿಹಿ ಬೇರಿನ ಪುಡಿ

ಮಲೇಷ್ಯಾದ ಮೆಲಾಕಾ ಊರಿನಲ್ಲಿ, ಮೆಡಿಕಲ್ ಕಾಲೇಜಿನ ಹಿಂದಿನ ರಸ್ತೆಯಲ್ಲಿ, ಟಯರ್ ಅಂಗಡಿಗೂ ಚೀನೀಯರ ಬೇಕರಿಗೂ ನಡುವೆ, ನರಹರಿಯವರ ಸಸ್ಯಾಹಾರಿ ಮೆಸ್ ಇದೆ. ಕರ್ನಾಟಕದಿಂದ ಓದಲು ಬಂದ ಹುಡುಗ ಹುಡುಗಿಯರು ಅಲ್ಲೇ ಉಣ್ಣುತ್ತಾರೆ. ಬೋರ್ಡಿನ ಮೇಲೆ ಏನೇ ಬರೆದಿರಲಿ, ಅವರ ಬಾಯಲ್ಲಿ ಅದು ಹೊನ್ನಮ್ಮನ ಮೆಸ್. ಸಾರು, ಪಲ್ಯ, ಚಟ್ನಿ, ವಾರಕ್ಕೆರಡು ಸಲ ರೊಟ್ಟಿ ಎಲ್ಲವೂ ಅವಳೊಬ್ಬಳ ಕೈಯಿಂದಲೇ ಆಗಬೇಕು.

ಹೊನ್ನಮ್ಮ ರಾಣೆಬೆನ್ನೂರು ಕಡೆಯವಳು. ಲಾರಿ ಓಡಿಸುತ್ತಿದ್ದ ಗಂಡ ತೀರಿಕೊಂಡ ಮೇಲೆ ದಾವಣಗೆರೆಯ ಒಂದು ಹಾಸ್ಟೆಲ್ಲಿನಲ್ಲಿ ಅಡುಗೆ ಮಾಡಿಕೊಂಡಿದ್ದಳು. ಹೊಸ ಮೆಸ್ಸಿಗೆ ಅಡುಗೆಯವರನ್ನು ಹುಡುಕುತ್ತ ಊರಿಗೆ ಬಂದಿದ್ದ ನರಹರಿ ಅಲ್ಲಿ ಅವಳ ಕೈಯ ಊಟ ಉಂಡು, ಮಲೇಷ್ಯಾಕ್ಕೆ ಬರುತ್ತೀರಾ ಎಂದು ಕೇಳಿದ್ದರು. ಮಗಳು ಅಕ್ಷಿತಾ ಆಗ ಹೈಸ್ಕೂಲಿನಲ್ಲಿದ್ದಳು. ಅವಳನ್ನು ತಂಗಿಯ ಮನೆಯಲ್ಲಿ ಬಿಟ್ಟು ಹೊನ್ನಮ್ಮ ವಿಮಾನ ಹತ್ತಿದಾಗ ನಲವತ್ತು ದಾಟಿತ್ತು.

ನರಹರಿ ಕೆಟ್ಟ ಮನುಷ್ಯರಲ್ಲ. ಕುಂದಾಪುರದ ಕಡೆಯ ಮೆದು ಮಾತಿನವರು, ದನಿ ಏರಿಸಿದವರೇ ಅಲ್ಲ. “ನೀವು ಇಲ್ದಿದ್ರೆ ಈ ಮೆಸ್ಸೇ ಇಲ್ಲ ಹೊನ್ನಮ್ಮ” ಎಂದು ಗಿರಾಕಿಗಳ ಎದುರೇ ಹೇಳುತ್ತಿದ್ದರು. ಕೇಳಲು ಹಿತವಾಗಿದ್ದ ಆ ಮಾತು ಬರಬರುತ್ತ ಅವಳ ಎದೆಯ ಮೇಲೆ ಭಾರವಾಗಿ ಕೂರತೊಡಗಿತು. ಒಂದು ದಿನ ಮಲಗಿದರೂ ಒಲೆ ಉರಿಯುವುದಿಲ್ಲ. ಪಾಸ್‌ಪೋರ್ಟ್ ನರಹರಿಯವರ ಕಪಾಟಿನಲ್ಲಿತ್ತು, “ಕಳೆದುಹೋದ್ರೆ ಕಷ್ಟ ಮಾರಾಯ್ರೆ, ನನ್ನ ಹತ್ರ ಭದ್ರ ಇರ್ಲಿ” ಎಂದಿದ್ದರು. ಕೆಲಸದ ಪರ್ಮಿಟ್ ಕೂಡ ಅವರ ಮೆಸ್ಸಿನ ಹೆಸರಿನಲ್ಲೇ. ಅದನ್ನು ನವೀಕರಿಸುವ ಮುಂಚೆ ವರ್ಷಕ್ಕೊಮ್ಮೆ ಆರೋಗ್ಯ ತಪಾಸಣೆ ಆಗಬೇಕು. ಅದರಲ್ಲಿ ಹೆಚ್ಚು ಕಡಿಮೆಯಾದವರನ್ನು ನೇರ ಊರಿಗೆ ಕಳಿಸುತ್ತಾರಂತೆ ಎಂದು ಪಕ್ಕದ ಅಂಗಡಿಗಳ ಕೆಲಸದವರು ಮಾತಾಡಿಕೊಳ್ಳುತ್ತಿದ್ದರು. ಊರಿಗೆ ಹೋದರೆ ಅಕ್ಷಿತಾಳ ಓದು ಅಲ್ಲಿಗೇ ನಿಂತಂತೆ. ಹೀಗಾಗಿ ಹೊನ್ನಮ್ಮನಿಗೆ ಕಾಯಿಲೆ ಬೀಳುವ ಸ್ವಾತಂತ್ರ್ಯವೇ ಇರಲಿಲ್ಲ.

ಒಮ್ಮೆ ತಲೆ ಸುತ್ತಿ ಬಂದಾಗ ಹತ್ತಿರದ ಕ್ಲಿನಿಕ್ಕಿಗೆ ಹೋಗಿದ್ದಳು. ತಮಿಳು ಮಾತಾಡುವ ಡಾಕ್ಟರು ತೋಳಿಗೆ ಪಟ್ಟಿ ಸುತ್ತಿ, ಬಿಪಿ ಜಾಸ್ತಿ ಇದೆ ಎಂದು, ಮೂತ್ರ ಹೆಚ್ಚು ಹೋಗಿಸುವ ಮಾತ್ರೆ ಬರೆದುಕೊಟ್ಟರು. “ಉಪ್ಪು ಕಮ್ಮಿ ಪಣ್ಣುಂಗಮ್ಮಾ”, ಉಪ್ಪು ಕಡಿಮೆ ಮಾಡಿ ಎಂದರು. ಆ ಮಾತ್ರೆಯನ್ನು ಅವಳು ನೀರಿನ ಮಾತ್ರೆ ಎಂದು ಕರೆಯುತ್ತಿದ್ದಳು. ನರಹರಿಯವರಿಗೆ ಹೇಳಲಿಲ್ಲ. ಹಿಟ್ಟಿನ ಡಬ್ಬಿಯ ಹಿಂದೆ ಮಾತ್ರೆ ಇಟ್ಟುಕೊಂಡು ದಿನಾ ಬೆಳಿಗ್ಗೆ ನುಂಗುತ್ತಿದ್ದಳು.

ಕೆಲವು ತಿಂಗಳಾದ ಮೇಲೆ ಕಾಲು ಹಿಡಿಯತೊಡಗಿತು. ಮಲಗಿದರೆ ಸಾಕು, ಮೀನಖಂಡ ಕಲ್ಲಿನ ಹಾಗೆ ಗಂಟು ಕಟ್ಟಿ, ಪಾದ ತಾನಾಗಿಯೇ ಕೆಳಕ್ಕೆ ಸೆಟೆದುಕೊಳ್ಳುತ್ತಿತ್ತು. ಅಡುಗೆಮನೆಯ ಮೇಲಿನ ಪುಟ್ಟ ಕೋಣೆಯಲ್ಲಿ, ಸೀರೆಯ ಸೆರಗು ಬಾಯಿಗೆ ತುರುಕಿಕೊಂಡು, ಗೋಡೆಗೆ ಪಾದ ಒತ್ತಿ ನಿಲ್ಲುತ್ತಿದ್ದಳು. ನಿದ್ದೆ ಎಂಬುದು ಚೂರು ಚೂರಾಯಿತು. ಇಡೀ ದಿನ ನಿಂತೇ ಇರುತ್ತೇನಲ್ಲ, ಅದಕ್ಕೇ ಇರಬೇಕು ಎಂದುಕೊಂಡಳು. ಮಾತ್ರೆಗೂ ಕಾಲಿಗೂ ಸಂಬಂಧ ಇರಬಹುದೆಂದು ಅವಳಿಗೆ ಹೊಳೆಯಲಿಲ್ಲ, ಹೊಳೆಯುವಂತೆ ಯಾರೂ ಹೇಳಿರಲೂ ಇಲ್ಲ.

ಆ ದಿನಗಳಲ್ಲೇ ಎತ್ಸುಕೊ ಅವಳಿಗೆ ಹತ್ತಿರವಾದದ್ದು. ಎತ್ಸುಕೊ ಜಪಾನಿನಲ್ಲಿ ಮಕ್ಕಳಿಗೆ ಸಂಗೀತ ಕಲಿಸಿ ನಿವೃತ್ತಳಾದ ಹೆಂಗಸು. ಚಳಿ ತಾಳದೆ ಮೆಲಾಕಾಕ್ಕೆ ಬಂದು, ಎದುರಿನ ಅಪಾರ್ಟ್‌ಮೆಂಟಿನಲ್ಲಿ ಒಬ್ಬಳೇ ಇದ್ದಳು. ಕರುಳಿನ ಆಪರೇಷನ್ ಆದ ಮೇಲೆ ಖಾರ ಆಗುತ್ತಿರಲಿಲ್ಲ. ಮಧ್ಯಾಹ್ನ ಮೆಸ್ ಖಾಲಿಯಾದ ಮೇಲೆ ಬಂದು ಮೊಸರನ್ನ ಉಣ್ಣುತ್ತಿದ್ದಳು. ಇಬ್ಬರಿಗೂ ಇದ್ದ ಒಂದೇ ಸಾಮಾನ್ಯ ಭಾಷೆ ಸಂತೆಯ ಮಲಯ್, ಅದೂ ಅರೆಬರೆ. ಆ ಅರೆಬರೆಯಲ್ಲೇ ಅವರು ಸತ್ತ ಗಂಡಂದಿರ ಬಗ್ಗೆಯೂ ಮಾತಾಡಿದ್ದರು.

ಒಂದು ಮಧ್ಯಾಹ್ನ ಎತ್ಸುಕೊಗೆ ಬಡಿಸುತ್ತಿರುವಾಗಲೇ ಹೊನ್ನಮ್ಮನ ಎರಡೂ ಕಾಲು ಒಟ್ಟಿಗೆ ಹಿಡಿದವು. ಸೌಟು ಕೈಬಿಟ್ಟು, ಮೇಜಿನ ಅಂಚು ಹಿಡಿದು ಕುಸಿದಳು.

“ಸಾಕಿತ್? ಕಾಕಿ ಸಾಕಿತ್?” ಎಂದು ಎತ್ಸುಕೊ ಅವಳ ಮುಂದೆ ಮೊಣಕಾಲೂರಿದಳು. ನೋವಾ, ಕಾಲು ನೋವಾ ಎಂಬ ಅಷ್ಟು ಮಲಯ್ ಹೊನ್ನಮ್ಮನಿಗೆ ಗೊತ್ತಿತ್ತು. ಹೌದೆಂದು ತಲೆಯಾಡಿಸಿದಳು.

ಎತ್ಸುಕೊ ತನ್ನ ಚೀಲದಿಂದ ಬೆಳ್ಳಿ ಬಣ್ಣದ ಸಣ್ಣ ಪೊಟ್ಟಣ ತೆಗೆದು, ಹರಿದು, ಅದರೊಳಗಿನ ಕಂದು ಪುಡಿಯನ್ನು ಬಿಸಿನೀರಿನಲ್ಲಿ ಕಲಸಿ ಕುಡಿಸಿದಳು. ಪುಡಿ ಸಿಹಿಯಾಗಿತ್ತು, ಹಿಂದೆಯೇ ಮಣ್ಣಿನ ವಾಸನೆ. ಕೆಲವೇ ನಿಮಿಷ. ಯಾರೋ ಒಳಗಿನಿಂದ ಗಂಟು ಬಿಚ್ಚಿದ ಹಾಗೆ ಮೀನಖಂಡ ಸಡಿಲವಾಯಿತು. ಹೊನ್ನಮ್ಮ ಕಾಲನ್ನು ಮುಟ್ಟಿ ಮುಟ್ಟಿ ನೋಡಿಕೊಂಡಳು, ಅದು ಬೇರೆ ಯಾರದೋ ಕಾಲೇನೋ ಎಂಬಂತೆ.

ಇದು ಕಾಂಪೊ, ನಮ್ಮ ಕಡೆಯ ಹಳೇ ಗಿಡಮೂಲಿಕೆ ಔಷಧ ಎಂದು ಎತ್ಸುಕೊ ವಿವರಿಸಿದಳು. ಅಲ್ಲಿ ಇದನ್ನು ಬೀದಿಯಲ್ಲಿ ಮಾರುವುದಿಲ್ಲ, ದೊಡ್ಡಾಸ್ಪತ್ರೆಯ ಡಾಕ್ಟರರೇ ಬರೆದುಕೊಡುತ್ತಾರೆ. ಆಪರೇಷನ್ ಆದ ಮೇಲೆ ಅವಳ ಕರುಳು ಕೆಲಸ ಮಾಡದೆ ಹೊಟ್ಟೆ ಉಬ್ಬಿದ್ದಾಗ, ಆಪರೇಷನ್ ಮಾಡಿದ ಸರ್ಜನ್ನೇ ಇನ್ನೊಂದು ಬಗೆಯ ಕಾಂಪೊ ಪುಡಿ ಕೊಟ್ಟು ಸರಿಮಾಡಿದ್ದರು. ಕಾಲು ಹಿಡಿತಕ್ಕೆಂದು ಕೊಟ್ಟದ್ದು ಈ ಪುಡಿ, ಎರಡೇ ಬೇರು ಇದರಲ್ಲಿ. “ಹಿಡಿದಾಗ ಮಾತ್ರ ಒಂದು” ಎಂದು ಒಂದು ಬೆರಳೆತ್ತಿ ತೋರಿಸಿ, ಕೆಲವು ಪೊಟ್ಟಣಗಳನ್ನು ಹೊನ್ನಮ್ಮನ ಮುಷ್ಟಿಯೊಳಗಿಟ್ಟಳು.

ಅಂದು ಹೊನ್ನಮ್ಮ ಬೆಳಗಿನವರೆಗೂ ನಿದ್ದೆ ಮಾಡಿದಳು. ಎದ್ದಾಗ ಅಳು ಬಂತು.

ನಿದ್ದೆಯ ರುಚಿ ಹತ್ತಿದವಳಿಗೆ ಒಂದು ಬೆರಳಿನ ಲೆಕ್ಕ ನೆನಪಿರಲಿಲ್ಲ. ಕಾಲು ಹಿಡಿಯುವ ಮುಂಚೆಯೇ, ಹಿಡಿಯದಿರಲಿ ಎಂದು, ಮಲಗುವಾಗ ಒಂದು ಕುಡಿದಳು. ಆಮೇಲೆ ಮಧ್ಯಾಹ್ನದ ಕೆಲಸಕ್ಕೆ ಮುಂಚೆಯೂ, ಬೆಳಿಗ್ಗೆಯೂ. ಜಪಾನಿನಿಂದ ಬಂದವರು ತಂದ ಡಬ್ಬಗಳನ್ನು ಎತ್ಸುಕೊ ಅವಳಿಗೇ ಕೊಡುತ್ತಿದ್ದಳು. ದಿನಕ್ಕೆಷ್ಟು ಕುಡಿಯುತ್ತೀ ಎಂದು ಅವಳು ಕೇಳಲಿಲ್ಲ, ಇವಳು ಹೇಳಲಿಲ್ಲ. ಬೇರಿನ ಪುಡಿ ಅಲ್ಲವೇ, ಕಷಾಯ ಕುಡಿದ ಹಾಗೆ, ಅದರಿಂದ ಏನಾದೀತು ಎಂಬ ಧೈರ್ಯ.

ತಿಂಗಳುಗಳು ಕಳೆದವು. ಕಾಲಿನ ಹರಡು ಊದಿ ಚಪ್ಪಲಿ ಬಿಗಿಯಾಯಿತು, ಮುಖ ದಪ್ಪಗಾಯಿತು. ಕ್ಲಿನಿಕ್ಕಿಗೆ ಹೋದರೆ ಬಿಪಿ ಮೊದಲಿಗಿಂತ ಮೇಲಿತ್ತು. ಹೊರಗೆ ಜನ ಸಾಲಿನಲ್ಲಿದ್ದರು. ಡಾಕ್ಟರು ತಲೆಯೆತ್ತದೆ ಮಾತ್ರೆಯನ್ನು ಎರಡು ಪಟ್ಟು ಮಾಡಿದರು. ಬೇರೆ ಏನಾದರೂ ತೆಗೆದುಕೊಳ್ಳುತ್ತೀರಾ ಎಂದು ಅವರು ಕೇಳಲಿಲ್ಲ. ಕೇಳಿದ್ದರೂ ಅವಳು ಹೇಳುತ್ತಿದ್ದಳೆಂದು ಹೇಳಲಾಗದು.

ಆಮೇಲೆ ಶುರುವಾದದ್ದು ನೋವಲ್ಲ, ನಿಶ್ಶಕ್ತಿ. ಇಡ್ಲಿ ಪಾತ್ರೆ ಎತ್ತಲು ಹೋದರೆ ತೋಳು ಮಾತು ಕೇಳುತ್ತಿರಲಿಲ್ಲ. ತಲೆ ಬಾಚಲು ಕೈ ಮೇಲೇರುತ್ತಿರಲಿಲ್ಲ. ಕೋಣೆಗೆ ಹೋಗುವ ಮೆಟ್ಟಿಲನ್ನು ಕೈಯೂರಿ, ಮಗುವಿನ ಹಾಗೆ, ಏರಬೇಕಾಗಿತ್ತು. ರೊಟ್ಟಿ ಬಡಿಯುವಾಗ ನಡುವೆ ನಿಂತು ಉಸಿರು ತೆಗೆದುಕೊಳ್ಳುವುದನ್ನು ನರಹರಿ ಕಂಡರು.

“ಸುಸ್ತಾ ಹೊನ್ನಮ್ಮ? ಎಂತಾದ್ರೂ ತೊಂದ್ರೆ ಇದ್ರೆ ಹೇಳಿ.”

“ಏನಿಲ್ರಿ. ಸೆಕಿ ಭಾಳ ಐತಿ.”

ಫೋನಿನಲ್ಲಿ ಅಕ್ಷಿತಾ, “ಯವ್ವಾ, ಮಾರಿ ಯಾಕ ಬಾತೈತಿ?” ಎಂದರೆ, “ಫೋನಿನಾಗ ಹಂಗ ಕಾಣತೈತಿ ಬಿಡು” ಎನ್ನುತ್ತಿದ್ದಳು. ಯಾರಿಗೂ ಹೇಳುವಂತಿಲ್ಲ. ನರಹರಿಯವರಿಗೆ ಹೇಳಿದರೆ ಪರ್ಮಿಟ್ಟಿನ ಭಯ, ಮಗಳಿಗೆ ಹೇಳಿದರೆ ಓದು ಬಿಟ್ಟಾಳೆಂಬ ಭಯ, ಡಾಕ್ಟರಿಗೆ ಹೇಳಿದರೆ ಪುಡಿ ನಿಲ್ಲಿಸಿ ಎಂದಾರು ಎಂಬ ಭಯ. ಪುಡಿ ನಿಂತರೆ ಆ ಕಾಲು ಹಿಡಿತದ ರಾತ್ರಿಗಳು ಮತ್ತೆ ಬರುತ್ತವೆ. ಎತ್ತ ತಿರುಗಿದರೂ ಗೋಡೆಯೇ ಇತ್ತು.

ಒಂದು ಬೆಳಿಗ್ಗೆ ತರಕಾರಿ ತರಲು ಹೊರಟ ನರಹರಿ ಎಂದಿನಂತೆ ಮುಂಬಾಗಿಲ ಶಟರ್ ಎಳೆದು ಬೀಗ ಹಾಕಿಕೊಂಡು ಹೋದರು. ಊಟದ ಹೊತ್ತಿನವರೆಗೆ ಯಾರೂ ನುಗ್ಗಬಾರದೆಂದು ಅವರ ರೂಢಿ ಅದು. ಹಿಂಬಾಗಿಲಿಗೆ ಕಬ್ಬಿಣದ ಗ್ರಿಲ್, ಅದರ ಬೀಗದ ಕೈಯೂ ಅವರ ಗೊಂಚಲಿನಲ್ಲೇ. ಒಳಗೆ ದೊಡ್ಡ ಒಲೆಯ ಮೇಲೆ ಸಾಂಬಾರು, ಪಕ್ಕದಲ್ಲಿ ಕಾದ ಎಣ್ಣೆಯ ಬಾಣಲೆ. ಹೊನ್ನಮ್ಮ ಕೆಳಗೆ ಬಿದ್ದ ಈರುಳ್ಳಿ ಎತ್ತಿಕೊಳ್ಳಲು ಕುಕ್ಕರುಗಾಲಿನಲ್ಲಿ ಕೂತಳು. ಏಳಲಾಗಲಿಲ್ಲ.

ಇನ್ನೊಮ್ಮೆ ಪ್ರಯತ್ನಿಸಿದಳು. ತೊಡೆಯಲ್ಲಿ ಏನೂ ಇಲ್ಲದ ಹಾಗಿತ್ತು. ಕೈಯೂರಿದರೆ ಕೈಯೂ ಮಡಚಿಕೊಂಡಿತು. ಮೆಲ್ಲಗೆ ಪಕ್ಕಕ್ಕೆ ವಾಲಿ, ಒದ್ದೆ ನೆಲದ ಮೇಲೆ ಕೆನ್ನೆ ತಾಗುವಂತೆ ಬಿದ್ದಳು. ಎಚ್ಚರ ಪೂರ್ತಿ ಇತ್ತು. ಸಾಂಬಾರು ಕುದಿಯುವ ಸದ್ದು ಕೇಳುತ್ತಿತ್ತು. ಎಣ್ಣೆ ಹೊಗೆಯಾಡುವುದು ಕಾಣುತ್ತಿತ್ತು. ಫೋನ್ ಶೆಲ್ಫಿನ ಮೇಲಿತ್ತು, ಕೈಗೆ ಎಟುಕದಷ್ಟು ಮೇಲೆ. ಕತ್ತೆತ್ತಲು ನೋಡಿದಳು, ಅದೂ ಏಳಲಿಲ್ಲ. ಕಾಲಿಲ್ಲ, ಕೈಯಿಲ್ಲ, ಮುಂದೆ ಬೀಗ, ಹಿಂದೆ ಬೀಗ. ಇನ್ನು ಎಣ್ಣೆಗೆ ಬೆಂಕಿ ಹತ್ತುವುದೊಂದೇ ಬಾಕಿ ಎಂದುಕೊಂಡು ಕಣ್ಣು ಮುಚ್ಚಲೂ ಹೆದರಿ ಬಾಣಲೆಯನ್ನೇ ನೋಡುತ್ತಿದ್ದಳು.

ಆಗ ಹಿಂದಿನ ಓಣಿಯಲ್ಲಿ ದನಿ ಕೇಳಿತು.

“ಆಂಟೀ, ನಂದು ಬೇಗ ತಪಾವ್ ಮಾಡಿಕೊಡ್ತೀರಾ? ಕ್ಲಾಸ್ ಇದೆ.”

ಮಯೂರಿ. ಬೆಂಗಳೂರಿನ ಹುಡುಗಿ, ಮೆಡಿಕಲ್ ಕೊನೆಯ ವರ್ಷದವಳು, ತಪಾವ್, ಅಂದರೆ ಊಟ ಕಟ್ಟಿಸಿಕೊಂಡು ಹೋಗಲು ಯಾವಾಗಲೂ ಹಿಂಬಾಗಿಲಿಗೇ ಬರುವವಳು. ಹೊನ್ನಮ್ಮ ಕೂಗಿದಳು. ಹೊರಬಂದದ್ದು ನರಳಿಕೆಯಷ್ಟೇ. ಮಯೂರಿ ಗ್ರಿಲ್ಲಿಗೆ ಮುಖ ಒತ್ತಿ ಒಳಗೆ ನೋಡಿದಳು.

“ಅಯ್ಯೋ! ಆಂಟಿ, ಏನಾಯ್ತು? ಬಿದ್ರಾ?”

“ಎಣ್ಣಿ… ಒಲಿ ಆರಸವ್ವಾ.”

ಮಯೂರಿ ಗ್ರಿಲ್ ಅಲ್ಲಾಡಿಸಿದಳು. ಅದು ಜಗ್ಗಲಿಲ್ಲ. ಗ್ಯಾಸ್ ಸಿಲಿಂಡರುಗಳು ಓಣಿಯಲ್ಲೇ, ಗೋಡೆಗೆ ಒರಗಿ ನಿಂತಿದ್ದವು. ಓಡಿಹೋಗಿ ಒಂದೊಂದಾಗಿ ಎಲ್ಲವನ್ನೂ ತಿರುಗಿಸಿ ಮುಚ್ಚಿದಳು. ಒಳಗೆ ಒಲೆ ತಣ್ಣಗೆ ಆರಿತು. ಆಮೇಲೆ ಆಂಬ್ಯುಲೆನ್ಸಿಗೂ ನರಹರಿಯವರಿಗೂ ಫೋನ್ ಮಾಡಿ, ಗ್ರಿಲ್ಲಿನ ಆಚೆ ನೆಲದ ಮೇಲೆ ಕೂತು ಮಾತಾಡಿಸುತ್ತಲೇ ಇದ್ದಳು. “ನನ್ನ ಕಡೆ ನೋಡ್ತಾ ಇರಿ ಆಂಟಿ. ಉಸಿರಾಟ ಸರಿ ಇದ್ಯಾ? ಮಾತಾಡಿ, ಏನಾದ್ರೂ ಮಾತಾಡಿ.” ಅವಳ ಕೈ ಒಳಕ್ಕೆ ಚಾಚಿಕೊಂಡಿತ್ತು, ಹೊನ್ನಮ್ಮನಿಗೆ ತಲುಪುತ್ತಿರಲಿಲ್ಲ. ನರಹರಿ ಓಡಿಬಂದು ಬೀಗ ತೆಗೆದ ಮೇಲೆಯೇ ಆಂಬ್ಯುಲೆನ್ಸಿನವರು ಅವಳನ್ನು ಎತ್ತಿಕೊಂಡರು.

ಆಸ್ಪತ್ರೆಯಲ್ಲಿ ರಕ್ತ ತೆಗೆದರು, ಎದೆಗೆ ತಂತಿಗಳನ್ನು ಅಂಟಿಸಿದರು. ಮಯೂರಿಗೆ ಪಾಠ ಹೇಳುವ ಡಾಕ್ಟರ್ ಆಡ್ರಿಯನ್ ಅಲ್ಲೇ ಇದ್ದರು, ಮಂಗಳೂರಿನವರು. ರಕ್ತದಲ್ಲಿ ಸ್ನಾಯುಗಳನ್ನು ನಡೆಸುವ ಪೊಟ್ಯಾಸಿಯಂ ಅಪಾಯದ ಮಟ್ಟಕ್ಕೆ ಇಳಿದಿದೆ, ಇನ್ನೂ ತಡವಾಗಿದ್ದರೆ ಹೃದಯವೇ ದಾರಿ ತಪ್ಪುತ್ತಿತ್ತು ಎಂದರು. ತೋಳಿಗೆ ಸೂಜಿ ಚುಚ್ಚಿ ಡ್ರಿಪ್ ಹಾಕಿದರು.

“ಹೊನ್ನಮ್ಮ, ಬಿಪಿ ಮಾತ್ರೆ ಬಿಟ್ಟು ಬೇರೆ ಎಂತ ತಗೊಳ್ತೀರಿ? ಮದ್ದು, ಕಷಾಯ, ಪುಡಿ, ಎಂತದ್ದಾದ್ರೂ?”

ಮಂಚದ ಬದಿಯಲ್ಲಿ ನರಹರಿ ನಿಂತಿದ್ದರು. ಬಿಪಿ ಮಾತ್ರೆಯ ವಿಷಯವೂ ಅವರಿಗೆ ಈಗಷ್ಟೇ ತಿಳಿದದ್ದು.

“ಏನೂ ಇಲ್ರಿ” ಎಂದಳು ಹೊನ್ನಮ್ಮ.

ಮರುದಿನವೂ ಅದೇ ಪ್ರಶ್ನೆ, ಅದೇ ಉತ್ತರ. ಬರೀ ಮಾತ್ರೆಯಿಂದ ಇಷ್ಟಾಗುವುದು ಅಪರೂಪ, ಮೂತ್ರಪಿಂಡದ ಮೇಲಿನ ಗ್ರಂಥಿಯಲ್ಲಿ ಗಡ್ಡೆ ಇದ್ದರೂ ಹೀಗಾಗುತ್ತದೆ, ಸ್ಕ್ಯಾನ್ ಮಾಡೋಣ ಎಂದು ಡಾಕ್ಟರು ವಿದ್ಯಾರ್ಥಿಗಳಿಗೆ ಹೇಳುತ್ತಿದ್ದುದು ಅವಳ ಕಿವಿಗೆ ಬಿತ್ತು. ಗಡ್ಡೆ ಎಂಬ ಮಾತು ಅವಳಿಗೆ ಅರ್ಥವಾಯಿತು. ಬಾಯಿ ತೆರೆದರೆ ಎತ್ಸುಕೊ ಸಿಕ್ಕಿಬೀಳುತ್ತಾಳೆ, ಪರದೇಶದಲ್ಲಿ ಪರದೇಶದವಳು, ಪೊಲೀಸರು ಬಂದರೇನು ಗತಿ. ತೆರೆಯದಿದ್ದರೆ ಇಲ್ಲದ ಗಡ್ಡೆ ಹುಡುಕುತ್ತಾರೆ. ಗೋಡೆಯ ಕಡೆ ತಿರುಗಿ ಮಲಗಬೇಕೆಂದರೂ ನರ್ಸನ್ನು ಕರೆಯಬೇಕಾಗಿತ್ತು.

ಆ ಮಧ್ಯಾಹ್ನ ಎತ್ಸುಕೊ ಬಂದಳು. ಮೆಸ್ ಮುಚ್ಚಿದ್ದು ಕಂಡು ಟಯರ್ ಅಂಗಡಿಯಲ್ಲಿ ವಿಚಾರಿಸಿ, ಬಿಸಿಲಲ್ಲಿ ಬಸ್ಸು ಹಿಡಿದು ಬಂದಿದ್ದಳು. “ಹೊನ್ನಾ-ಸಾನ್” ಎಂದು ತನ್ನ ಕಡೆಯ ಮರ್ಯಾದೆಯಲ್ಲಿ ಕರೆದು ಹಣೆ ಸವರಿದಳು. ಮತ್ತೆ ಕಾಲೇ ಹಿಡಿದಿರಬೇಕೆಂದು ಅವಳ ಎಣಿಕೆ. ಚೀಲ ತೆರೆದು ಬೆಳ್ಳಿ ಪೊಟ್ಟಣ ತೆಗೆದಳು, ಫ್ಲಾಸ್ಕಿನಿಂದ ಬಿಸಿನೀರು ಬಗ್ಗಿಸಿದಳು. ಕಪ್ಪನ್ನು ಹೊನ್ನಮ್ಮನ ತುಟಿಯವರೆಗೆ ತಂದಳು. ಅದೇ ಹೊತ್ತಿಗೆ ವಾರ್ಡಿನ ಬಾಗಿಲಲ್ಲಿ ಡಾಕ್ಟರ್ ಆಡ್ರಿಯನ್ ಮತ್ತು ನರಹರಿ ಒಟ್ಟಿಗೇ ಕಾಣಿಸಿಕೊಂಡರು.

ಹೊನ್ನಮ್ಮ ತುಟಿ ಬಿಗಿ ಹಿಡಿದಳು. ಆ ಪುಡಿಯ ಸಿಹಿ ವಾಸನೆ ಮೂಗಿಗೆ ಬರುತ್ತಿತ್ತು. ಆಮೇಲೆ ಹೇಳಿದಳು.

“ಡಾಕ್ಟ್ರ, ಇದನ್ನ ಕುಡೀತಿದ್ದೆರಿ ನಾನು. ದಿನಾ ಮೂರ ಹೊತ್ತು. ಈಕಿದೇನೂ ತಪ್ಪಿಲ್ಲ. ಈಕಿ ಒಂದ ಅಂದಿದ್ಲು.”

ಡಾಕ್ಟರು ಕಪ್ಪನ್ನು ಮೆಲ್ಲಗೆ ತೆಗೆದುಕೊಂಡು ಪಕ್ಕಕ್ಕಿಟ್ಟರು. ಪೊಟ್ಟಣದ ಮೇಲಿನ ಅಕ್ಷರ ಅವರಿಗೆ ಬಾರದು. ಇದರಲ್ಲಿ ಏನೇನಿದೆ ಎಂದು ಎತ್ಸುಕೊಳನ್ನು ಇಂಗ್ಲಿಷಿನಲ್ಲಿ ಕೇಳಿದರು. ಪಿಯೊನಿ ಹೂವಿನ ಗಿಡದ ಬೇರು ಒಂದು, ಕಾನ್ಜೊ ಎಂಬ ಸಿಹಿ ಬೇರು ಇನ್ನೊಂದು ಎಂದಳು ಅವಳು.

“ಜ್ಯೇಷ್ಠಮಧು” ಎಂದರು ಡಾಕ್ಟರು.

“ಜೇಷ್ಠಮಧಾ?” ಹೊನ್ನಮ್ಮನಿಗೆ ನಂಬಿಕೆಯಾಗಲಿಲ್ಲ. “ಕೆಮ್ಮಿಗೆ ಹುಡುಗ್ರಿಗೆ ತೇದು ನೆಕ್ಕಸ್ತೀವಲ್ರಿ ಅದನ್ನ?”

“ಅದೇ. ನೆಕ್ಕುವಷ್ಟಕ್ಕೆ ಎಂತ ಆಗುದಿಲ್ಲ. ಇದು ದಿನಾ, ತಿಂಗಳುಗಟ್ಟಲೆ.” ಡಾಕ್ಟರು ಸ್ಟೂಲ್ ಎಳೆದು ಕೂತರು. “ನೋಡಿ, ನಿಮ್ಮ ನೀರಿನ ಮಾತ್ರೆ ಉಂಟಲ್ಲ, ಅದು ಬಿಪಿ ಇಳಿಸ್ತದೆ, ಜೊತೆಗೆ ಮೈಯ ಪೊಟ್ಯಾಸಿಯಂ ಹೊರಗೆ ಹಾಕ್ತದೆ. ನಿಮ್ಮ ಕಾಲು ಹಿಡಿಲಿಕ್ಕೆ ಶುರು ಆದದ್ದು ಅದರಿಂದ್ಲೇ ಇರಬಹುದು. ಅದಕ್ಕೆ ಈ ಪುಡಿ ಕುಡಿದ್ರಿ. ಪುಡಿ ಒಳ್ಳೇದೇ, ಕಾಲು ಬಿಟ್ಟದ್ದು ಸುಳ್ಳಲ್ಲ. ಆದ್ರೆ ಈ ಸಿಹಿ ಬೇರು ಜಾಸ್ತಿ ದಿನ ಹೋದ್ರೆ ಪೊಟ್ಯಾಸಿಯಂ ಇನ್ನೂ ಖಾಲಿ ಮಾಡ್ತದೆ, ಮೇಲಿಂದ ಬಿಪಿ ಏರಿಸ್ತದೆ. ಬಿಪಿ ಏರಿತು ಅಂತ ಆ ಕ್ಲಿನಿಕ್ಕಲ್ಲಿ ಮಾತ್ರೆ ಡಬಲ್ ಮಾಡಿದ್ರು, ಪೊಟ್ಯಾಸಿಯಂ ಮತ್ತೂ ಹೋಯ್ತು.”

“ಗಾಣಕ್ಕ ಕಟ್ಟಿದ ಎತ್ತಿನಂಗ ಸುತ್ತೀನಿ ಅಂದಂಗಾತು” ಎಂದಳು ಹೊನ್ನಮ್ಮ.

“ಹೌದು. ಹಗ್ಗ ಯಾರಿಗೂ ಕಾಣಲಿಲ್ಲ. ಅಲ್ಲಿನ ಡಾಕ್ಟ್ರಿಗೆ ಪುಡಿ ಗೊತ್ತಿಲ್ಲ, ಇವರಿಗೆ ಮಾತ್ರೆ ಗೊತ್ತಿಲ್ಲ.”

ಡಾಕ್ಟರು ಅದನ್ನೇ ಇಂಗ್ಲಿಷಿನಲ್ಲಿ ಹೇಳುತ್ತ ಹೋದಂತೆ ಎತ್ಸುಕೊಳ ಮುಖ ಬಿಳಿಚಿತು. ತನಗೆ ಬರೆದುಕೊಡುವಾಗ ಊರಿನ ಡಾಕ್ಟರು ಇದನ್ನೆಲ್ಲ ಕೇಳಿದ್ದರು, ಆಗಾಗ ರಕ್ತವನ್ನೂ ನೋಡುತ್ತಿದ್ದರು, ತಾನು ಅದೇನನ್ನೂ ಕೇಳದೆ ಕೊಟ್ಟೆ ಎಂದಳು. ಎದ್ದು ನಿಂತು, ಮಂಚದ ಮುಂದೆ ಸೊಂಟ ಬಗ್ಗಿಸಿ ತಲೆ ತಗ್ಗಿಸಿದಳು. ಹಾಗೇ ಇದ್ದಳು. ಅವಳ ಭುಜ ಹಿಡಿದು ಎಬ್ಬಿಸಬೇಕೆಂದು ಹೊನ್ನಮ್ಮ ಹವಣಿಸಿದಳು, ಕೈ ಹಾಸಿಗೆಯಿಂದ ಮೇಲೇಳಲಿಲ್ಲ. “ಏಳವ್ವಾ, ಏಳು” ಎಂದಳು. ಆ ಮಾತು ಎತ್ಸುಕೊಗೆ ತಿಳಿಯದು.

ತನ್ನ ಹೊಟ್ಟೆಗೆ ಬರೆದುಕೊಟ್ಟ ಪುಡಿಯ ಬಗ್ಗೆಯೂ ಎತ್ಸುಕೊ ಕೇಳಿದಳು. ನಿಮ್ಮ ಹೊಟ್ಟೆಯ ಪುಡಿಯನ್ನು ಹೆದರಿ ಬಿಟ್ಟುಬಿಡಬೇಡಿ, ಅದು ನಿಮಗಾಗಿ ನಿಮ್ಮ ಡಾಕ್ಟರು ಕೊಟ್ಟದ್ದು ಎಂದು ಆಡ್ರಿಯನ್ ಹೇಳಿದರು. ಎತ್ಸುಕೊ ತಲೆ ಎತ್ತದೆಯೇ ಹೊರಗೆ ಹೋದಳು.

ಎಲ್ಲರೂ ಹೋದ ಮೇಲೆ ನರಹರಿ ಸ್ಟೂಲಿನ ಮೇಲೆ ಕೂತರು.

“ಕೀ ನನ್ನ ಜೇಬಲ್ಲಿತ್ತು ಹೊನ್ನಮ್ಮ” ಎಂದರು. “ಮಾರ್ಕೆಟ್ಟಲ್ಲಿ ಬೆಂಡೆಕಾಯಿ ಆರಿಸ್ತಾ ಇದ್ದೆ. ಕೀ ನನ್ನ ಜೇಬಲ್ಲೇ ಇತ್ತು.”

ಅವರನ್ನು ಸಮಾಧಾನ ಮಾಡುವ ಕೆಲಸವೂ ತನ್ನದೇ ಆಗುತ್ತಿದೆ ಎನ್ನಿಸಿ, ಹೊನ್ನಮ್ಮ ಮೊದಲ ಬಾರಿಗೆ ಆ ಕೆಲಸ ಮಾಡಲಿಲ್ಲ. ಅದರ ಬದಲು ಕೇಳಿದಳು.

“ನನ್ನ ಪಾಸ್‌ಪೋರ್ಟ್ ಕೊಡ್ರಿ.”

“ಎಲ್ಲಿಗೆ ಹೋಗ್ತೀರಿ?”

“ಎಲ್ಲಿಗೂ ಇಲ್ರಿ. ನನ್ನ ಕಡೆ ಇರ್ಲಿ.”

ಅವಳ ಸ್ನಾಯುಗಳು ನಿಧಾನವಾಗಿ ಮರಳಿದವು. ಮೊದಲು ಕತ್ತು, ಆಮೇಲೆ ತೋಳು, ಕೊನೆಗೆ ತೊಡೆ. ಸಿಹಿ ಬೇರನ್ನು ಬಿಟ್ಟ ಮೇಲೂ ಅದರ ಪ್ರಭಾವ ವಾರಗಟ್ಟಲೆ ಮೈಯಲ್ಲಿ ಉಳಿಯುತ್ತದೆಂದು ಡಾಕ್ಟರು ಎಚ್ಚರಿಸಿದ್ದರು, ಹಾಗೇ ಆಯಿತು. ಗಡ್ಡೆ ಇರಲಿಲ್ಲ. ನೀರಿನ ಮಾತ್ರೆ ನಿಲ್ಲಿಸಿ ಬೇರೆ ಬಗೆಯ ಬಿಪಿ ಮಾತ್ರೆ ಕೊಟ್ಟರು. ಆ ಪುಡಿಯನ್ನು ಇನ್ನೆಂದೂ ಮುಟ್ಟಬಾರದೆಂದರು. ಕಾಲು ಹಿಡಿಯುವುದು ಕಡಿಮೆಯಾಯಿತು, ಪೂರ್ತಿ ಹೋಗಲಿಲ್ಲ. ಹಿಡಿದಾಗಲೆಲ್ಲ, ಕೆಲವೇ ನಿಮಿಷದಲ್ಲಿ ಇದನ್ನು ಬಿಡಿಸುವ ಔಷಧ ಈ ಲೋಕದಲ್ಲಿದೆ, ನನಗೆ ಮಾತ್ರ ಇಲ್ಲ ಎಂದು ಅವಳಿಗೆ ಅನ್ನಿಸುತ್ತದೆ. ಅದನ್ನು ಯಾರ ಹತ್ತಿರ ಹೇಳಿಕೊಳ್ಳುವುದು?

ನರಹರಿ ಪಾಸ್‌ಪೋರ್ಟ್ ಕೊಟ್ಟರು. ತಡವಾಗಿಯಾದರೂ ಕೊಟ್ಟರು. ಗ್ರಿಲ್ಲಿಗೆ ಬೀಗ ಹಾಕುವುದನ್ನು ಬಿಟ್ಟರು, ಪಾತ್ರೆ ತೊಳೆಯಲಿಕ್ಕೆ, ತರಕಾರಿ ಹೆಚ್ಚಿಕೊಡಲಿಕ್ಕೆ ಒಬ್ಬ ತಮಿಳು ಹೆಂಗಸನ್ನು ಇಟ್ಟುಕೊಂಡರು. ಅಡುಗೆ ಈಗಲೂ ಹೊನ್ನಮ್ಮನದೇ, ವರ್ಷದ ತಪಾಸಣೆಯ ಭಯವೂ. ಬಾಗಿಲು ತೆರೆದಿದ್ದರೂ ಹೋಗುವ ಜಾಗ ಯಾವುದೂ ಇಲ್ಲ ಎಂಬುದು ಅವಳಿಗೆ ಬಾಗಿಲು ತೆರೆದ ಮೇಲೆ ಸರಿಯಾಗಿ ಗೊತ್ತಾಯಿತು. ಅಕ್ಷಿತಾಳಿಗೆ ಎಲ್ಲ ಹೇಳಿದಳು. ಬಂದುಬಿಡು ಎಂದು ಅವಳು ಅತ್ತಳು. ನಿನ್ನ ಓದು ಮುಗೀಲಿ ಎಂದು ಇವಳೂ ಅತ್ತಳು.

ಎತ್ಸುಕೊ ಮೆಸ್ಸಿಗೆ ಬರುವುದನ್ನು ನಿಲ್ಲಿಸಿದ್ದಳು. ದಿನಾ ಮಧ್ಯಾಹ್ನ ಹೊನ್ನಮ್ಮ ಒಂದು ಬಟ್ಟಲು ಮೊಸರನ್ನ ತೆಗೆದಿಟ್ಟು, ಆಮೇಲೆ ತಾನೇ ಉಣ್ಣುತ್ತಿದ್ದಳು. ಕೊನೆಗೊಂದು ದಿನ ಬಟ್ಟಲಿಗೆ ತಟ್ಟೆ ಮುಚ್ಚಿಕೊಂಡು, ರಸ್ತೆ ದಾಟಿ, ಎದುರಿನ ಅಪಾರ್ಟ್‌ಮೆಂಟಿಗೆ ನಡೆದುಕೊಂಡೇ ಹೋದಳು. ಬಾಗಿಲು ತೆರೆದ ಎತ್ಸುಕೊ ಮತ್ತೆ ತಲೆ ಬಗ್ಗಿಸಲು ಹೊರಟಳು. ಈ ಸಲ ಹೊನ್ನಮ್ಮನ ಕೈ ಎದ್ದಿತು, ಭುಜ ಹಿಡಿದು ನಿಲ್ಲಿಸಿತು.

“ಮಾಕಾನ್” ಎಂದು ಬಟ್ಟಲು ಮುಂದೆ ಹಿಡಿದಳು, ಉಣ್ಣು ಎಂದು.

ಎತ್ಸುಕೊ ಉಂಡಳು. ಹೊನ್ನಮ್ಮ ಕಿಟಕಿಯ ಹತ್ತಿರ ಕುರ್ಚಿಯಲ್ಲಿ ಕೂತಿದ್ದಳು. ಹಗಲಿನಲ್ಲಿ ಹೀಗೆ ಸುಮ್ಮನೆ ಕೂತು ಎಷ್ಟೋ ಕಾಲವಾಗಿತ್ತು. ಇನ್ನೂ ಸ್ವಲ್ಪ ಹೊತ್ತು ಇರು ಎಂದು ಎತ್ಸುಕೊ ಕೈಸನ್ನೆ ಮಾಡಿದಳು. ಸಂಜೆಯ ಪೂರಿಗೆ ಹಿಟ್ಟು ನಾದಬೇಕಾಗಿತ್ತು. ಹೊನ್ನಮ್ಮ ಕುರ್ಚಿಯ ಕೈ ಹಿಡಿದುಕೊಂಡು ಎದ್ದಳು, ಖಾಲಿ ಬಟ್ಟಲು ತೆಗೆದುಕೊಂಡು ಕೆಳಗಿಳಿದಳು.